ಮನೆತನದ ಕಂಪನಿ ಮತ್ತು ವರ್ಷದ ಲೆಕ್ಕ

ದೀಪಾವಳಿಯ ಅಮಾವಾಸ್ಯೆಯ ಸಂಜೆ ಗದಗ-ಬೆಟಗೇರಿಯ ಅಡತಿ ಅಂಗಡಿಗಳಲ್ಲಿ, ಲಕ್ಷ್ಮೇಶ್ವರದ ಪೇಟೆಯಲ್ಲಿ, ಶಿರಹಟ್ಟಿ ಮುಂಡರಗಿಗಳ ಕಾಳುಕಡಿ ವ್ಯಾಪಾರಸ್ಥರ ಮನೆಗಳಲ್ಲಿ ಲೆಕ್ಕದ ಪುಸ್ತಕಗಳನ್ನು ಗದ್ದುಗೆಯ ಮೇಲಿಟ್ಟು ಪೂಜಿಸುವ ರೂಢಿ ಇಂದಿಗೂ ಇದೆ. ಕೀರ್ದಿ ಖತಾವಣಿಗಳು ನಮ್ಮ ಮನೆತನಗಳಿಗೆ ಹೊಸವಲ್ಲ. ಹತ್ತಿ, ಶೇಂಗಾ, ಮೆಣಸಿನಕಾಯಿ, ಉಳ್ಳಾಗಡ್ಡಿಗಳ ವ್ಯವಹಾರದಲ್ಲಿ ತಲೆಮಾರುಗಳನ್ನು ಕಳೆದ ಹಿರಿಯರು ಒಂದು ಆಣೆಯ ವ್ಯತ್ಯಾಸ ಕಂಡರೂ ಅದು ಸಿಗುವವರೆಗೆ ಊಟಕ್ಕೆ ಏಳುತ್ತಿರಲಿಲ್ಲವೆಂಬುದನ್ನು ನಾವೆಲ್ಲ ಕೇಳಿ ಬಲ್ಲೆವು. ಆದರೆ ಆ ಪುಸ್ತಕ ಮನೆಯ ಪುಸ್ತಕ. ಪೂಜೆ ಮುಗಿದ ಬಳಿಕ ಅದು ಪೆಟ್ಟಿಗೆ ಸೇರುತ್ತಿತ್ತು. ಅದನ್ನು ಹೊರಗಿನವರ ಮುಂದೆ ತೆರೆದಿಡಬೇಕೆಂದು ಕೇಳುವವರಿರಲಿಲ್ಲ.

ಈಚಿನ ವರ್ಷಗಳಲ್ಲಿ ಈ ಭಾಗದ ಹಲವು ಮನೆತನಗಳು ತಮ್ಮ ವ್ಯಾಪಾರವನ್ನು ಪ್ರೈವೇಟ್ ಲಿಮಿಟೆಡ್ ಕಂಪನಿಯಾಗಿಯೋ, ಸೀಮಿತ ಹೊಣೆಗಾರಿಕೆಯ ಪಾಲುದಾರಿಕೆಯಾಗಿಯೋ ನೋಂದಾಯಿಸಿಕೊಂಡಿವೆ. ಈ ಎರಡನೆಯದನ್ನೇ ಪೇಟೆಯಲ್ಲಿ ಎಲ್‌ಎಲ್‌ಪಿ ಎಂದು ಕರೆಯುವುದು. ದೊಡ್ಡ ಖರೀದಿದಾರರು ಕೇಳುತ್ತಾರೆ, ಬ್ಯಾಂಕಿನವರು ಸಲಹೆ ಮಾಡುತ್ತಾರೆ, ಓದಿ ಬಂದ ಮಗನಿಗೂ ಆ ಹೆಸರು ಹಿಡಿಸುತ್ತದೆ. ನೋಂದಣಿ ಸುಲಭವಾಗಿ ಆಗಿಬಿಡುತ್ತದೆ. ಆದರೆ ನೋಂದಣಿಯ ಜೊತೆಯಲ್ಲಿಯೇ ವರ್ಷಂಪ್ರತಿ ಸರಕಾರಕ್ಕೆ ವಿವರ ಒಪ್ಪಿಸುವ ಕರ್ತವ್ಯವೂ ಬರುತ್ತದೆ ಎಂಬುದು ಎಷ್ಟೋ ಮನೆಗಳಲ್ಲಿ ಚರ್ಚೆಗೇ ಬಂದಿರುವುದಿಲ್ಲ. ಕಂಪನಿಯ ಕಾಗದದ ಮೇಲೆ ಯಾರ ಹೆಸರುಗಳಿವೆಯೋ ಆ ತಾಯಂದಿರಿಗೂ ಸೊಸೆಯಂದಿರಿಗೂ ಅದು ತಿಳಿದಿರುವುದು ಇನ್ನೂ ಕಡಿಮೆ. ಅವರಿಗಾಗಿಯೇ ವಿಶೇಷವಾಗಿ ಈ ಲೇಖನವನ್ನು ಬರೆಯುತ್ತಿದ್ದೇವೆ.

ಮೊದಲು ‘ಸೀಮಿತ ಹೊಣೆ’ ಎಂದರೇನೆಂಬುದನ್ನು ನೋಡೋಣ. ಹಿಂದಿನ ಕೂಡು ವ್ಯಾಪಾರದಲ್ಲಿ, ಅಂದರೆ 1932ರ ಕಾಯಿದೆಯ ಪಾಲುದಾರಿಕೆಯಲ್ಲಿ, ಅಂಗಡಿ ಮುಳುಗಿದರೆ ಸಾಲಗಾರರು ಪಾಲುದಾರರ ಮನೆ-ಹೊಲಗಳಿಗೂ ಕೈಹಾಕಬಹುದು. ಕಂಪನಿಯಲ್ಲಿ ಹಾಗಲ್ಲ. ಹಾಕಿದ ಪಾಲಿನ ಹಣವಷ್ಟೇ ಹೋಗುತ್ತದೆ, ಮನೆ ಉಳಿಯುತ್ತದೆ. ಈ ರಕ್ಷಣೆ ನಮ್ಮ ದೇಶದ ಕಾನೂನಿನಲ್ಲಿ ಬಂದದ್ದು 1857ರಲ್ಲಿ. ಮುಂದೆ 1913, 1956, 2013ರ ಕಂಪನಿ ಕಾಯಿದೆಗಳು ಅದನ್ನು ಮುಂದುವರಿಸಿದವು. ಪಾಲುದಾರಿಕೆಗೂ ಇದೇ ರಕ್ಷಣೆಯನ್ನು ಕೊಟ್ಟ ಎಲ್‌ಎಲ್‌ಪಿ ಕಾಯಿದೆ 2009ರ ಮಾರ್ಚ್ 31ರಂದು ಜಾರಿಗೆ ಬಂದಿತು. (ಬ್ಯಾಂಕಿನ ಸಾಲಕ್ಕೆ ವೈಯಕ್ತಿಕ ಜಾಮೀನು ಬರೆದುಕೊಟ್ಟವರಿಗೆ ಆ ಸಾಲದ ಮಟ್ಟಿಗೆ ಈ ರಕ್ಷಣೆ ಇಲ್ಲ ಎಂಬುದನ್ನೂ ಇಲ್ಲಿಯೇ ಹೇಳಿಬಿಡುವುದು ಲೇಸು.) ಸಾಲ ಕೊಟ್ಟವನ ಕೈ ನಿಮ್ಮ ಮನೆಯ ಹೊಸ್ತಿಲವರೆಗೆ ಬರದಂತೆ ಸರಕಾರ ತಡೆದಿದೆ. ಹಾಗಾದರೆ ಸಾಲ ಕೊಡುವವನಿಗೆ ಆಸರೆ ಯಾವುದು? ಕಂಪನಿಯ ಲೆಕ್ಕ ವರ್ಷಕ್ಕೊಮ್ಮೆ ಬಹಿರಂಗವಾಗಿ ಅವನ ಕಣ್ಣಿಗೆ ಬೀಳುವುದೇ ಆಸರೆ. ವಾರ್ಷಿಕ ವರದಿಯನ್ನು ಅಧಿಕಾರಿಗಳ ಕಿರುಕುಳವೆಂದು ತಿಳಿಯುವವರಿದ್ದಾರೆ. ನಮಗೆ ಅದು ಪಡೆದ ರಕ್ಷಣೆಗೆ ಸಲ್ಲಿಸುವ ನ್ಯಾಯವಾದ ಬೆಲೆಯಾಗಿ ಕಾಣುತ್ತದೆ.

ಈ ಮಾತು ಗದಗ ನೆಲಕ್ಕೆ ಹೊಸದಲ್ಲ. ಏಶಿಯಾದ ಮೊದಲ ಸಹಕಾರ ಸಂಘವೆಂದು ಹೆಸರಾದ ಕಣಗಿನಹಾಳ ಗ್ರಾಮದ ಕೃಷಿ ಪತ್ತಿನ ಸಂಘ 1905ರಲ್ಲಿ ಶ್ರೀ ಸಿದ್ದನಗೌಡ ಪಾಟೀಲರ ಮುಂದಾಳುತನದಲ್ಲಿ ನೋಂದಣಿಯಾದದ್ದು ಇದೇ ಗದಗ ತಾಲೂಕಿನಲ್ಲಿ. ಆಗಿನ 1904ರ ಕಾಯಿದೆಯಂತೆ ಗ್ರಾಮೀಣ ಸಂಘಗಳಲ್ಲಿ ಸದಸ್ಯರ ಹೊಣೆ ಸಾಮಾನ್ಯವಾಗಿ ಅಪರಿಮಿತವಾಗಿರುತ್ತಿತ್ತು. ಒಬ್ಬನ ಸಾಲ ಮುಳುಗಿದರೆ ಎಲ್ಲರ ಹೊಲಕ್ಕೂ ಬಿಸಿ ತಟ್ಟುವ ಸ್ಥಿತಿ. ಆದ್ದರಿಂದ ಲೆಕ್ಕದ ಮೇಲೆ ಊರವರ ಕಣ್ಣಿರುತ್ತಿತ್ತು. ಅದರ ಮೇಲೆಯೂ ವರ್ಷಕ್ಕೊಮ್ಮೆಯಾದರೂ ರಿಜಿಸ್ಟ್ರಾರರಿಂದ ಲೆಕ್ಕ ತಪಾಸಣೆ ಆಗಲೇಬೇಕೆಂದು ಕಾನೂನು ವಿಧಿಸಿತ್ತು. ಇಂದಿಗೂ ಕರ್ನಾಟಕದ ಸಹಕಾರ ಸಂಘಗಳು ಸೆಪ್ಟೆಂಬರ್ 25ರೊಳಗೆ ಸರ್ವಸಾಧಾರಣ ಸಭೆ ಕರೆದು ಅಢಾವೆ ಪತ್ರಿಕೆಯನ್ನು ಸದಸ್ಯರ ಮುಂದಿಡಬೇಕು. ಊರಿನ ಸಂಘದ ಸಭೆಯಲ್ಲಿ ಎದ್ದುನಿಂತು ಒಂದೊಂದು ರೂಪಾಯಿಯನ್ನೂ ಕೇಳುವ ನಮ್ಮ ಹಿರಿಯರು ಸ್ವಂತ ಮನೆಯ ಕಂಪನಿಯ ವಾರ್ಷಿಕ ಸಭೆ ಯಾವಾಗ ನಡೆಯಿತೆಂದರೆ ಮುಖ ನೋಡುತ್ತಾರೆ!

ಇನ್ನು ಶರಣರ ಮಾರ್ಗವನ್ನು ನಂಬಿದ ನಮಗೆ ಲೆಕ್ಕ ತೋರಿಸುವ ಸಂಗತಿಯಲ್ಲಿ ಸಂಕೋಚವೇಕೆ? ಬಸವಣ್ಣನವರು ಬಿಜ್ಜಳನ ಭಂಡಾರಿಗಳಾಗಿದ್ದವರು. ಭಂಡಾರದ ಹಣವನ್ನು ಜಂಗಮರಿಗೆ ಸವೆಸುತ್ತಿದ್ದಾರೆಂದು ಕೊಂಡೆಯರು ದೂರಿದಾಗ ಭಂಡಾರವನ್ನು ತೆರೆಸಿ ಎಣಿಸಲಾಯಿತೆಂದೂ, ಒಂದು ಹೊನ್ನೂ ಕಡಿಮೆಯಾಗಿರಲಿಲ್ಲವೆಂದೂ ಪುರಾಣಕಾವ್ಯಗಳು ಹೇಳುತ್ತವೆ. ಕಥೆಯಲ್ಲಿ ಪವಾಡದ ಅಂಶ ಎಷ್ಟಾದರೂ ಇರಲಿ, ‘ಎಣಿಸಿ ನೋಡಿ’ ಎಂದು ಬೀಗದ ಕೈ ಮುಂದೆ ಚಾಚುವ ಧೈರ್ಯ ನಮಗೆ ಮುಖ್ಯವೆನಿಸುತ್ತದೆ.

ಈಗ ಒಪ್ಪಿಸಬೇಕಾದದ್ದೇನು ಎಂಬುದಕ್ಕೆ ಬರೋಣ. ನಮ್ಮ ಜನರಲ್ಲಿ ಒಂದು ಗೊಂದಲ ಬಹಳವಾಗಿದೆ. ತಿಂಗಳು ತಿಂಗಳು ಜಿಎಸ್‌ಟಿ ವಿವರ ಹೋಗುತ್ತದೆ, ಆದಾಯ ತೆರಿಗೆಯನ್ನೂ ತುಂಬಿದ್ದೇವೆ, ಇನ್ನೇನು ಉಳಿಯಿತು ಎನ್ನುತ್ತಾರೆ. ತೆರಿಗೆಯ ಕಚೇರಿಗಳೇ ಬೇರೆ, ಕಂಪನಿಗಳ ರಿಜಿಸ್ಟ್ರಾರರ ಕಚೇರಿಯೇ ಬೇರೆ. ಒಂದಕ್ಕೆ ಕೊಟ್ಟದ್ದು ಇನ್ನೊಂದಕ್ಕೆ ಮುಟ್ಟುವುದಿಲ್ಲ. ವೃತ್ತಿ ತೆರಿಗೆ ರಾಜ್ಯ ಸರಕಾರದ್ದು, ಅದರ ಕಾಯಿದೆ 1976ರದು. ಕಂಪನಿಯ ವಿಷಯ ಕೇಂದ್ರದ್ದು. ಕರ್ನಾಟಕದ ಕಂಪನಿಗಳಿಗೆ ರಿಜಿಸ್ಟ್ರಾರರು ಬೆಂಗಳೂರಿನ ಕೋರಮಂಗಲದಲ್ಲಿದ್ದಾರೆ. ಹಿಂದೆ ಕಾಗದಗಳನ್ನು ಅಲ್ಲಿಗೇ ಮುಟ್ಟಿಸಬೇಕಾಗಿತ್ತು. 2006ರಲ್ಲಿ ಕೇಂದ್ರ ಸರಕಾರ ಗಣಕಯಂತ್ರದ ಮೂಲಕ ಸಲ್ಲಿಸುವ ವ್ಯವಸ್ಥೆಯನ್ನು ತಂದ ಮೇಲೆ ಮುಂಡರಗಿಯಲ್ಲಿ ಕುಳಿತೇ ಸಲ್ಲಿಸಬಹುದಾಗಿದೆ. ದೂರದ ನೆಪ ಹೋಯಿತು.

ಖಾಸಗಿ ಕಂಪನಿಯಾದರೆ ಮಾರ್ಚ್ 31ಕ್ಕೆ ವರ್ಷ ಮುಗಿದ ಬಳಿಕ ಲೆಕ್ಕಪರಿಶೋಧನೆ ಆಗಬೇಕು. ವ್ಯಾಪಾರ ಎಷ್ಟೇ ಚಿಕ್ಕದಿರಲಿ, ಕಂಪನಿಗೆ ಇದರಿಂದ ವಿನಾಯಿತಿ ಇಲ್ಲ. ಸಾಮಾನ್ಯವಾಗಿ ಸೆಪ್ಟೆಂಬರ್ 30ರೊಳಗೆ ವಾರ್ಷಿಕ ಸಭೆ ನಡೆಯಬೇಕು. ಸಭೆಯಾದ 30 ದಿನಗಳಲ್ಲಿ ಅಢಾವೆ ಪತ್ರಿಕೆ ಮತ್ತು ಲಾಭ-ಹಾನಿ ಪತ್ರಿಕೆಗಳು ಎಓಸಿ-4 ಎಂಬ ನಮೂನೆಯಲ್ಲಿ ಹೋಗಬೇಕು. 60 ದಿನಗಳಲ್ಲಿ ವಾರ್ಷಿಕ ವಿವರಪಟ್ಟಿ ಹೋಗಬೇಕು. ಸದಸ್ಯರು ಯಾರು, ನಿರ್ದೇಶಕರು ಯಾರು, ಯಾರ ಪಾಲು ಎಷ್ಟು ಎಂಬುದೆಲ್ಲ ಇದರಲ್ಲಿರುತ್ತದೆ. ಸಣ್ಣ ಕಂಪನಿಗಳಿಗೆ ಇದರ ನಮೂನೆ ಎಂಜಿಟಿ-7ಎ. ಎಲ್‌ಎಲ್‌ಪಿಯಾದರೆ ಕೆಲಸ ಸ್ವಲ್ಪ ಹಗುರ. ಮೇ 30ರೊಳಗೆ ನಮೂನೆ 11, ಅಕ್ಟೋಬರ್ 30ರೊಳಗೆ ನಮೂನೆ 8. ಮೊದಲನೆಯದು ಪಾಲುದಾರರ ವಿವರ, ಎರಡನೆಯದು ಲೆಕ್ಕ ಹಾಗೂ ಸಾಲ ತೀರಿಸುವ ಶಕ್ತಿಯ ಹೇಳಿಕೆ. ವಹಿವಾಟು 40 ಲಕ್ಷ ರೂಪಾಯಿ ಅಥವಾ ಪಾಲುದಾರರ ಬಂಡವಾಳ 25 ಲಕ್ಷ ರೂಪಾಯಿ ಮೀರಿದರೆ ಮಾತ್ರ ಲೆಕ್ಕಪರಿಶೋಧನೆ ಕಡ್ಡಾಯ. ಆದರೆ ಒಂದು ರೂಪಾಯಿಯ ವ್ಯಾಪಾರ ಆಗದಿದ್ದರೂ ಎರಡೂ ನಮೂನೆಗಳು ಹೋಗಲೇಬೇಕು. ಈ ಒಂದು ಸಂಗತಿಯನ್ನು ಅರಿಯದೆ ಕಷ್ಟಕ್ಕೆ ಸಿಕ್ಕವರೇ ಹೆಚ್ಚು. ‘ಅಂಗಡಿ ತೆಗೆದೇ ಇಲ್ಲ, ಲೆಕ್ಕ ಯಾತರದು?’ ಎಂಬ ಮಾತು ಕಾನೂನಿನ ಮುಂದೆ ನಿಲ್ಲುವುದಿಲ್ಲ.

ತಡಮಾಡಿದರೆ ಏನಾಗುತ್ತದೆಂಬುದನ್ನು ಅಂಕಿಯಲ್ಲಿಯೇ ನೋಡಬಹುದು. ಒಂದರಿಂದ ಐದು ಲಕ್ಷ ರೂಪಾಯಿವರೆಗಿನ ಬಂಡವಾಳದ ಕಂಪನಿ ಒಂದು ನಮೂನೆಗೆ ಸಕಾಲದಲ್ಲಿ ಕಟ್ಟಬೇಕಾದ ಶುಲ್ಕ ಕೇವಲ 300 ರೂಪಾಯಿ. 2018ರ ಜುಲೈ 1ರಿಂದ ಜಾರಿಯಲ್ಲಿರುವ ನಿಯಮದಂತೆ ತಡವಾದ ಪ್ರತಿ ದಿನಕ್ಕೆ, ಪ್ರತಿ ನಮೂನೆಗೆ 100 ರೂಪಾಯಿ ಹೆಚ್ಚುವರಿ. ಎರಡು ನಮೂನೆಗಳು ಒಂದು ವರ್ಷ ಉಳಿದರೆ 73,000 ರೂಪಾಯಿ. ಮೂರು ವರ್ಷಗಳ ನಮೂನೆಗಳು ಒಟ್ಟಾಗಿ ಉಳಿದರೆ ಮೊದಲ ವರ್ಷದವು ಮೂರು ವರ್ಷ, ಎರಡನೆಯ ವರ್ಷದವು ಎರಡು ವರ್ಷ ಹೀಗೆ ಬೆಳೆಯುತ್ತ ನಾಲ್ಕು ಲಕ್ಷ ದಾಟುತ್ತದೆ. ಎಲ್‌ಎಲ್‌ಪಿಗಳಿಗೂ ಮೊದಲು ಹೀಗೆಯೇ ದಿನಕ್ಕೆ 100 ರೂಪಾಯಿಯಂತೆ ಏರುತ್ತಿತ್ತು. 2022ರ ಏಪ್ರಿಲ್‌ನಿಂದ ಅವುಗಳಿಗೆ ಮೂಲ ಶುಲ್ಕದ ಇಂತಿಷ್ಟು ಪಟ್ಟು ಎಂಬ ಹಂತಗಳನ್ನು ಮಾಡಿ, ಸಣ್ಣವಕ್ಕೆ ಹೊರೆಯನ್ನು ಬಹುಮಟ್ಟಿಗೆ ಇಳಿಸಿದ್ದಾರೆ. ಇದು ಸ್ವಾಗತಾರ್ಹ ಕ್ರಮ. ಸಣ್ಣ ಕಂಪನಿಗಳಿಗೂ ಅಂಥ ಹಂತಗಳನ್ನು ಮಾಡಬಾರದೇಕೆ ಎಂದು ಕೇಳುವುದು ಅನುಚಿತವಾಗಲಾರದು. ಮುಚ್ಚಿಹೋದ ಎಣ್ಣೆ ಗಿರಣಿಯ ಕಂಪನಿಗೂ ಲಾಭದಲ್ಲಿರುವ ಕಂಪನಿಗೂ ದಿನಕ್ಕೆ ಅದೇ 100 ರೂಪಾಯಿ ಎಂಬುದು ಸಮಾನತೆಯಂತೆ ಕಂಡರೂ ನ್ಯಾಯವೆನಿಸುವುದಿಲ್ಲ.

ಹಣದ ಮಾತಾದರೆ ಹೇಗೋ ತೀರಿಸಬಹುದು. ಹೆಸರಿನ ಮಾತು ಬೇರೆ. ಖಾಸಗಿ ಕಂಪನಿಗೆ ಕನಿಷ್ಠ ಇಬ್ಬರು ನಿರ್ದೇಶಕರು ಬೇಕು. ನಮ್ಮ ಮನೆಗಳಲ್ಲಿ ಎರಡನೆಯ ಹೆಸರು ಸಾಮಾನ್ಯವಾಗಿ ಮನೆಯೊಡತಿಯದು, ಇಲ್ಲವೆ ಹಿರಿಯ ಸೊಸೆಯದು. ‘ಇಲ್ಲೊಂದು ಸಹಿ ಮಾಡವಾ’ ಎಂದು ಮಾವನವರು ಕಾಗದ ಮುಂದಿಟ್ಟರೆ ಯಾವ ಸೊಸೆ ತಾನೆ ‘ಓದಿ ನೋಡುತ್ತೇನೆ’ ಎಂದಾಳು? ರೊಟ್ಟಿ ಬಡಿಯುವ ಕೈಯನ್ನು ತೊಳೆದುಕೊಂಡು ಬಂದು ಸಹಿ ಮಾಡಿ ಹೋಗುತ್ತಾಳೆ. ಅಂದಿನಿಂದ ಕಾನೂನಿನ ದೃಷ್ಟಿಯಲ್ಲಿ ಆಕೆ ನಿರ್ದೇಶಕಿ. ‘ಹೆಸರಿಗೆ ಮಾತ್ರ’ ಎಂಬ ನಿರ್ದೇಶಕಿಯನ್ನು ಕಾಯಿದೆ ಅರಿಯದು. ಕಂಪನಿ ಸತತವಾಗಿ ಮೂರು ವರ್ಷ ಲೆಕ್ಕವನ್ನಾಗಲಿ ವಿವರಪಟ್ಟಿಯನ್ನಾಗಲಿ ಒಪ್ಪಿಸದಿದ್ದರೆ 2013ರ ಕಾಯಿದೆಯ 164(2)ನೇ ಕಲಮಿನಂತೆ ಅದರ ನಿರ್ದೇಶಕರು ಐದು ವರ್ಷ ಅನರ್ಹರಾಗುತ್ತಾರೆ. ಅದೇ ಹೆಣ್ಣುಮಗಳು ತವರಿನ ಕಂಪನಿಯಲ್ಲಿಯೂ ನಿರ್ದೇಶಕಿಯಾಗಿದ್ದರೆ, ಅಲ್ಲಿನ ಲೆಕ್ಕವೆಲ್ಲ ಸರಿಯಾಗಿದ್ದರೂ, ಆ ಸ್ಥಾನವೂ ತೆರವಾಗುತ್ತದೆ. ಗಂಡನ ಮನೆಯವರ ಅಲಕ್ಷ್ಯಕ್ಕೆ ತವರಿನಲ್ಲಿ ತಲೆತಗ್ಗಿಸುವ ಪ್ರಸಂಗ!

ಇದು ಕೇವಲ ಕಾಗದದ ಮೇಲಿನ ಬೆದರಿಕೆಯಲ್ಲ. 2017ರಲ್ಲಿ ಕೇಂದ್ರ ಸರಕಾರ ಎರಡು ಲಕ್ಷಕ್ಕೂ ಮಿಕ್ಕಿದ ಕಂಪನಿಗಳ ಹೆಸರನ್ನು ದಾಖಲೆಯಿಂದ ತೆಗೆದುಹಾಕಿ, ಅವುಗಳ ಬ್ಯಾಂಕ್ ಖಾತೆಗಳಿಗೆ ತಡೆ ಹಾಕಿಸಿತು. ಮೂರು ಲಕ್ಷಕ್ಕೂ ಹೆಚ್ಚು ನಿರ್ದೇಶಕರನ್ನು ಅನರ್ಹರೆಂದು ಪಟ್ಟಿ ಮಾಡಿತು. ಕಪ್ಪುಹಣ ಅಡಗಿಸಲು ಕಟ್ಟಿದ ಬರಿಯ ಹೆಸರಿನ ಕಂಪನಿಗಳನ್ನು ಹಿಡಿಯುವುದು ಉದ್ದೇಶವಾಗಿತ್ತು. ಆದರೆ ಬಲೆ ಬೀಸಿದಾಗ ದೊಡ್ಡ ಮೀನಿನೊಡನೆ ಕೆರೆಯ ಕಪ್ಪೆಗಳೂ ಸಿಕ್ಕವು. ಹಲವರು ನ್ಯಾಯಾಲಯಗಳ ಮೆಟ್ಟಿಲೇರಿದರು. ಕರ್ನಾಟಕದ ಉಚ್ಚ ನ್ಯಾಯಾಲಯ 2019ರ ಜೂನ್‌ನಲ್ಲಿ ತೀರ್ಪಿತ್ತು, ಹೊಸ ಕಲಂ ಜಾರಿಗೆ ಬರುವ ಮುನ್ನಿನ ವರ್ಷಗಳನ್ನು ಸೇರಿಸಿ ಅನರ್ಹಗೊಳಿಸಿದ್ದನ್ನು ಒಪ್ಪಲಿಲ್ಲ. ಆದರೆ ಕಲಂ ಸಂವಿಧಾನಬದ್ಧವೇ ಎಂದು ಎತ್ತಿಹಿಡಿಯಿತು. ಹೀಗಾಗಿ ಮುಂದಿನವರಿಗೆ ಆ ಆಸರೆ ಇಲ್ಲ. ದಾಖಲೆಯಿಂದ ತೆಗೆದ ಕಂಪನಿಗೆ ಮತ್ತೆ ಜೀವ ತುಂಬಬೇಕಾದರೆ ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿಯ ಬೆಂಗಳೂರು ಪೀಠಕ್ಕೆ ಹೋಗಬೇಕು. ಹೆಸರು ಹೋದರೂ ನಿರ್ದೇಶಕರ ಹೊಣೆ ಹೋಗುವುದಿಲ್ಲ.

ಮನೆಯಲ್ಲಿ ಹಿರಿಯರು ಲಿಂಗೈಕ್ಯರಾದಾಗ ಎದುರಾಗುವ ತೊಡಕಿನ ಬಗೆಗೆ ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ. ತಂದೆ-ಮಗ ಇಬ್ಬರೇ ಪಾಲುದಾರರಾದ ಒಂದು ಎಲ್‌ಎಲ್‌ಪಿ ಇದೆಯೆಂದುಕೊಳ್ಳೋಣ. ತಂದೆ ತೀರಿದರು. ಕ್ರಿಯಾಸಮಾಧಿ, ಗಣಾರಾಧನೆ, ಬಂಧುಗಳ ಬರಹೋಗುಗಳಲ್ಲಿ ತಿಂಗಳುಗಳು ಸರಿದವು. ಮಗ ವ್ಯಾಪಾರವನ್ನು ಎಂದಿನಂತೆ ನಡೆಸಿದ. ಆದರೆ ಎಲ್‌ಎಲ್‌ಪಿಗೆ ಕನಿಷ್ಠ ಇಬ್ಬರು ಪಾಲುದಾರರಿರಬೇಕು. ಆರು ತಿಂಗಳಿಗೂ ಮೀರಿ ಒಬ್ಬನೇ ಎಂದು ತಿಳಿದೂ ನಡೆಸಿದರೆ, ಆ ಅವಧಿಯಲ್ಲಿ ಹುಟ್ಟಿದ ಹೊಣೆಗಳಿಗೆ ಅವನೊಬ್ಬನೇ ಸ್ವಂತವಾಗಿ ಬಾಧ್ಯನಾಗುತ್ತಾನೆ. ಯಾವ ರಕ್ಷಣೆಗಾಗಿ ತಂದೆ ಇದನ್ನೆಲ್ಲ ಕಟ್ಟಿದರೋ ಆ ರಕ್ಷಣೆಯೇ ಕಳಚಿಬಿತ್ತು. ಪಾಲುದಾರರ ಬದಲಾವಣೆಯನ್ನು 30 ದಿನಗಳೊಳಗೆ ನಮೂನೆ 4ರಲ್ಲಿ ತಿಳಿಸಬೇಕೆಂಬ ನಿಯಮ ಬೇರೆ ಇದೆ. ಗಣಾರಾಧನೆ ಮುಗಿದ ವಾರದಲ್ಲಿಯೇ ಲೆಕ್ಕಪರಿಶೋಧಕರನ್ನು ಕಂಡು ತಾಯಿಯನ್ನೋ ತಮ್ಮನನ್ನೋ ಪಾಲುದಾರರನ್ನಾಗಿ ಸೇರಿಸಿಕೊಳ್ಳುವುದು ಶೋಕಕ್ಕೆ ಅಗೌರವವಲ್ಲ.

ಹೊರದೇಶದಲ್ಲಿರುವ ಮಕ್ಕಳ ಹೆಸರನ್ನು ಸೇರಿಸುವಾಗಲೂ ಎಚ್ಚರ ಬೇಕು. ಎಲ್‌ಎಲ್‌ಪಿಯ ಹೊಣೆಗಾರ ಪಾಲುದಾರರಲ್ಲಿ ಒಬ್ಬರಾದರೂ ಆ ಆರ್ಥಿಕ ವರ್ಷದಲ್ಲಿ 120 ದಿನ, ಕಂಪನಿಯ ನಿರ್ದೇಶಕರಲ್ಲಿ ಒಬ್ಬರಾದರೂ 182 ದಿನ ಭಾರತದಲ್ಲಿ ಇದ್ದವರಾಗಿರಬೇಕು. ಅಮೆರಿಕೆಯಲ್ಲಿ ಸ್ವಂತ ಉದ್ಯಮ ಕಟ್ಟಿದ ನಮ್ಮ ಮಕ್ಕಳಿಗೂ ಇಂಥದೇ ಕರ್ತವ್ಯವಿದೆ. ಅಲ್ಲಿ ಎಲ್‌ಎಲ್‌ಸಿ ಎಂಬ ಸಂಸ್ಥೆ ಆಯಾ ರಾಜ್ಯದ ಕಾನೂನಿನದು. ನ್ಯೂಜೆರ್ಸಿಯಲ್ಲಿ ವರ್ಷಕ್ಕೊಮ್ಮೆ ವರದಿ, ಅದಕ್ಕೆ 75 ಡಾಲರ್. ಕ್ಯಾಲಿಫೋರ್ನಿಯದಲ್ಲಿ ಎರಡು ವರ್ಷಕ್ಕೊಮ್ಮೆ ವಿವರ, ಅದಕ್ಕೆ 20 ಡಾಲರ್. ಅದಲ್ಲದೆ ಅಲ್ಲಿ ವರ್ಷಕ್ಕೆ ಕನಿಷ್ಠ 800 ಡಾಲರ್ ತೆರಿಗೆ. ಡೆಲವೇರ್ ರಾಜ್ಯ ವರದಿಯನ್ನೇ ಕೇಳದೆ ಜೂನ್ 1ರೊಳಗೆ 300 ಡಾಲರ್ ಕಟ್ಟೆನ್ನುತ್ತದೆ. ಊರು ಯಾವುದಾದರೇನು, ಪದ್ಧತಿ ಒಂದೇ.

ಈಗ ನಮ್ಮ ಒಕ್ಕಲುತನದ ಬಂಧುಗಳ ವಿಷಯ. 2020ರ ಫೆಬ್ರುವರಿಯಲ್ಲಿ ಆರಂಭವಾದ ಕೇಂದ್ರದ ಯೋಜನೆ ದೇಶದಲ್ಲಿ ಹತ್ತು ಸಾವಿರ ರೈತ ಉತ್ಪಾದಕರ ಸಂಸ್ಥೆಗಳನ್ನು ಕಟ್ಟುವ ಗುರಿ ಇಟ್ಟುಕೊಂಡಿತು. ಬಯಲು ಸೀಮೆಯಲ್ಲಿ ಒಂದೊಂದಕ್ಕೆ ಕನಿಷ್ಠ 300 ರೈತರು. ಇವುಗಳಲ್ಲಿ ಹೆಚ್ಚಿನವು ನೋಂದಣಿಯಾಗುವುದು ಕಂಪನಿ ಕಾಯಿದೆಯಡಿಯಲ್ಲಿ. ಅಂದರೆ ಹೊಲದಲ್ಲಿ ಗಳೆ ಹೊಡೆಯುವ ಗೌಡರೂ ಕಾನೂನಿನಲ್ಲಿ ಕಂಪನಿಯ ನಿರ್ದೇಶಕರು. ಅನರ್ಹತೆಯ ಕಲಂ ಅವರಿಗೂ ಬಿಡದು. ಮೊದಲ ಮೂರು ವರ್ಷ ಒಂದು ಸಂಸ್ಥೆಗೆ ಒಟ್ಟು 18 ಲಕ್ಷ ರೂಪಾಯಿವರೆಗೆ ನಿರ್ವಹಣೆಯ ನೆರವು ಇರುತ್ತದೆ. ಕಾರ್ಯನಿರ್ವಾಹಕನ ಪಗಾರ, ಲೆಕ್ಕಿಗನ ಪಗಾರ ಅದರಲ್ಲಿಯೇ ಬರುತ್ತವೆ. ನೆರವು ನಿಂತ ಮೇಲೆ ಪಗಾರ ಕೊಡುವಷ್ಟು ವ್ಯಾಪಾರ ಬೆಳೆದಿರದಿದ್ದರೆ ಲೆಕ್ಕಿಗ ಹೋಗುತ್ತಾನೆ. ಲೆಕ್ಕ ಒಪ್ಪಿಸುವ ಕರ್ತವ್ಯ ಮಾತ್ರ ಉಳಿಯುತ್ತದೆ. ಬೀಜ-ಗೊಬ್ಬರದ ಮಾರಾಟದಿಂದ ಬರುವ ಮಿಗತೆಯಲ್ಲಿ ಮೊದಲು ಲೆಕ್ಕಪರಿಶೋಧಕರ ಫೀ ಎತ್ತಿಟ್ಟು ಆಮೇಲೆ ಉಳಿದ ಖರ್ಚು ನೋಡುವುದು ಒಳ್ಳೆಯದು. ಮುಂಡರಗಿ, ಶಿರಹಟ್ಟಿ ತಾಲೂಕುಗಳ ಇಂಥ ಸಂಸ್ಥೆಗಳಲ್ಲಿ ನಿರ್ದೇಶಕರಾಗಿರುವವರು ಮೂರನೆಯ ವರ್ಷ ಮುಗಿಯುವ ಮುನ್ನವೇ ಇದನ್ನು ಸಭೆಯಲ್ಲಿಟ್ಟು ಠರಾವು ಮಾಡಿಕೊಳ್ಳಬೇಕೆಂದು ನಮ್ಮ ವಿನಂತಿ.

ಸಹಿಯ ಬಗೆಗೆ ಒಂದು ಮಾತು. ಈಗಿನ ನಮೂನೆಗಳಿಗೆ ಶಾಯಿಯ ಸಹಿ ಸಾಲದು. ಬೆರಳುದ್ದದ ಒಂದು ಟೋಕನ್ನಿನಲ್ಲಿ ಡಿಜಿಟಲ್ ಸಹಿ ಇರುತ್ತದೆ, ಅದಕ್ಕೊಂದು ಗುಪ್ತಪದ. ಬಹುತೇಕ ಮನೆಗಳಲ್ಲಿ ಟೋಕನ್ ಮತ್ತು ಗುಪ್ತಪದ ಎರಡೂ ತೆರಿಗೆ ಸಲಹೆಗಾರರ ಮೇಜಿನ ಖಾನೆಯಲ್ಲಿಯೇ ಇರುತ್ತವೆ. ಅವರು ಪ್ರಾಮಾಣಿಕರೇ ಇರಬಹುದು. ಆದರೂ ಬರೆಯದ ಸ್ಟಾಂಪ್ ಕಾಗದಕ್ಕೆ ಸಹಿ ಮಾಡಿಕೊಡುವುದಕ್ಕೂ ಇದಕ್ಕೂ ಅಂತರವಿಲ್ಲ. ಟೋಕನ್ ಮನೆಯ ಕಪಾಟಿನಲ್ಲಿರಲಿ. ಸಹಿಯ ದಿನ ಆ ಹೆಣ್ಣುಮಗಳೇ ಅದನ್ನು ಒಯ್ದು, ಅಢಾವೆ ಪತ್ರಿಕೆಯ ಒಂದು ಪ್ರತಿಯನ್ನು ಕೇಳಿ ತರಲಿ.

ಕಂಪನಿಯಿಂದ ಇನ್ನು ಪ್ರಯೋಜನವಿಲ್ಲವೆಂದು ತೋರಿದರೆ ಅದನ್ನು ಹಾಗೆಯೇ ಬಿಟ್ಟು ಮರೆಯುವುದಕ್ಕಿಂತ ಕ್ರಮಬದ್ಧವಾಗಿ ಮುಚ್ಚಿಸುವುದು ಮೇಲು. ಎರಡು ಆರ್ಥಿಕ ವರ್ಷಗಳಿಂದ ವ್ಯಾಪಾರ ನಿಂತ ಕಂಪನಿ ಸಾಲಗಳನ್ನು ತೀರಿಸಿ, ವ್ಯಾಪಾರ ನಿಂತ ವರ್ಷದವರೆಗಿನ ಬಾಕಿ ವಿವರಗಳನ್ನು ಒಪ್ಪಿಸಿ, ಎಸ್‌ಟಿಕೆ-2 ಎಂಬ ನಮೂನೆಯಲ್ಲಿ 10,000 ರೂಪಾಯಿ ಶುಲ್ಕದೊಡನೆ ಅರ್ಜಿ ಹಾಕಬಹುದು. ಎಲ್‌ಎಲ್‌ಪಿಗೆ ಇದೇ ಕೆಲಸಕ್ಕೆ ನಮೂನೆ 24 ಇದೆ. ತಮ್ಮ ಮನೆಯ ಕಂಪನಿ ಯಾವ ಸ್ಥಿತಿಯಲ್ಲಿದೆ ಎಂದು ತಿಳಿಯಲು ಯಾರನ್ನೂ ಕೇಳಬೇಕಾಗಿಲ್ಲ. ಕೇಂದ್ರದ ಕಂಪನಿ ವ್ಯವಹಾರಗಳ ಮಂತ್ರಾಲಯದ ಜಾಲತಾಣದಲ್ಲಿ ಕಂಪನಿಯ ಹೆಸರು ಕೊಟ್ಟರೆ ಅದು ಚಾಲ್ತಿಯಲ್ಲಿದೆಯೋ ಇಲ್ಲವೋ, ಕೊನೆಯ ಅಢಾವೆ ಪತ್ರಿಕೆ ಯಾವ ವರ್ಷದ್ದು, ನಿರ್ದೇಶಕರೆಂದು ಯಾರ ಯಾರ ಹೆಸರುಗಳಿವೆ ಎಂಬುದು ಶುಲ್ಕವಿಲ್ಲದೆ ಕಾಣುತ್ತದೆ. ಕಾಲೇಜಿಗೆ ಹೋಗುವ ಮಗಳು ಐದು ನಿಮಿಷದಲ್ಲಿ ತೆಗೆದು ಅಜ್ಜಿಗೆ ಓದಿ ಹೇಳಬಲ್ಲಳು.